ಗುಡ್ಡದ ಬದಿಯ ಸೀಟು

ಎತ್ತರಕ್ಕೆ ಹೆದರುವವರು ಮೊದಲೇ ಹೇಳುವುದಿಲ್ಲ.
ನೀರಿನ ಬಾಟಲಿ ಹಿಡಿದ ರೀತಿಯಲ್ಲೇ ಗೊತ್ತಾಗುತ್ತದೆ:
ಮುಚ್ಚಳ ತಿರುಗಿಸುತ್ತಾರೆ, ಕುಡಿಯುವುದಿಲ್ಲ.
ಕಾರವಾರದ ಸ್ಟ್ಯಾಂಡಿನಲ್ಲಿ ಇಪ್ಪತ್ತೆರಡು ವರ್ಷ.
ದಾರಿಗಳು ನನಗೆ ಕಿಲೋಮೀಟರಿನಲ್ಲಿ ನೆನಪಿಲ್ಲ,
ಯಾರು ಎಲ್ಲಿ ಕಣ್ಣು ಮುಚ್ಚಿದರು, ಅಷ್ಟೇ.

ಅಣಶಿಯಲ್ಲಿ ಒಬ್ಬ ಬ್ಯಾಂಕ್ ಮ್ಯಾನೇಜರು
ಮೂರನೇ ತಿರುವಿಗೆ ಇಳಿದು
ಗಾಡಿಯ ಹಿಂದೆ ಅರ್ಧ ಮೈಲಿ ನಡೆದೇ ಬಂದರು,
ಕೈಯಲ್ಲಿ ಬ್ರೀಫ್‌ಕೇಸು.
ಅರಬೈಲು ಅಗಲ ಇದೆ, ಲಾರಿಗಳು ಮಾತ್ರ
ನೇರ ಎದೆಗೇ ಬಂದ ಹಾಗೆ ಬರುತ್ತವೆ.
ದಿಬ್ಬಣದ ಸೋದರತ್ತೆಯೊಬ್ಬಳು ಇಡೀ ಘಟ್ಟ
ಹಿಂದಿನಿಂದ ನನ್ನ ಕಾಲರು ಹಿಡಿದಿದ್ದಳು.
ಅಂಗಿ ಹರಿಯಿತು. ಅವಳೇ ಹೊಸದು ಕೊಡಿಸಿದಳು,
ಅಳತೆ ಸರಿಯಾಗಲಿಲ್ಲ.

ದೇವಿಮನೆ ಮೊದಲು ಒಳ್ಳೆಯದಿತ್ತು.
ಇಕ್ಕಟ್ಟು, ಹೌದು. ಆದರೆ ಅಂಚಿಗೆ ಮರಗಳು ನಿಂತು
ಆಳವನ್ನು ಮುಚ್ಚಿಟ್ಟಿದ್ದವು,
ದೊಡ್ಡವರು ಕಾಯಿಲೆಯ ಹೆಸರನ್ನು
ಮಕ್ಕಳಿಂದ ಮುಚ್ಚಿಡುವ ಹಾಗೆ.
ರಸ್ತೆ ಅಗಲವಾಯಿತು. ಮರ ಹೋದವು.
ಈಗ ಅಪಾಯ ಕಡಿಮೆ, ಭಯ ಜಾಸ್ತಿ.
ಈ ಲೆಕ್ಕ ಇಂಜಿನಿಯರಿಗೆ ಹೇಳಿ ನೋಡಿ.

ಬೋಟು ದಡಕ್ಕೆಳೆದ ಜೂನಿನಲ್ಲಿ ಪುರ್ಸು ತಾಂಡೇಲ ಬಂದ.
ಬಾಗಿಲು ತೆರೆದ, ಕೂರಲಿಲ್ಲ.
ಆಳೆತ್ತರದ ತೆರೆಗೆ ಬೋಟಿನ ಮೂತಿ ಕೊಟ್ಟು ನಿಂತವನು,
ಕೂರ್ಮಗಡದಾಚೆ ಬಿರುಗಾಳಿಯಲ್ಲಿ ರಾತ್ರಿ ಕಳೆದವನು.
"ನೀರು ಎಷ್ಟು ಆಳ ಇದ್ರೂ ತೇಲಿಸ್ತದೆ," ಅಂದ.
"ಗಾಳಿ ತೇಲಿಸೂದಿಲ್ಲ, ಅಲ್ದಾ?"

ಮಗಳು ಸುಲಕ್ಷಾ ಶಿರಸಿ ಡಿಪೋದಲ್ಲಿ ಕಂಡಕ್ಟರು.
ದಿನಕ್ಕೆರಡು ಸಲ ಘಟ್ಟ, ಅದೂ ದೇವಿಮನೆ, ಅದೂ ನಿಂತುಕೊಂಡು,
ಒಂದು ಕೈಯಲ್ಲಿ ಟಿಕೆಟ್ ಮಿಷನ್ನು, ಇನ್ನೊಂದರಲ್ಲಿ ಚಿಲ್ಲರೆ.
ಕಂಬಿ ಹಿಡಿಯಲು ಮೂರನೇ ಕೈ ಯಾರೂ ಕೊಟ್ಟಿಲ್ಲ.
ಎರಡು ವರ್ಷವಾದರೂ ಅಪ್ಪ ಅವಳ ಬಾಡಿಗೆ ಕೋಣೆ ನೋಡಿಲ್ಲ.

ಅಂಕೋಲೆ ದಾಟಿ ನಾನು ವಡ್ಡಿ ಘಟ್ಟ ಆರಿಸಿದೆ.
ಹೊಂಡ. ಎದುರು ಗಾಡಿ ಬಂದರೆ ಒಬ್ಬರು ಹಿಂದೆ ಸರಿಯಬೇಕು.
ಕಾಡು ಮಾತ್ರ ಕಿಟಕಿಯವರೆಗೂ ಬರುತ್ತದೆ,
ಇಣುಕಿ ನೋಡುತ್ತದೆ, ನೋಡಲು ಬಿಡುವುದಿಲ್ಲ.
ಗುಡ್ಡದ ಬದಿಯ ಸೀಟು ಕೊಟ್ಟೆ.
ತಿರುವು ಬಂತು, ಗುಡ್ಡ ಆಚೆ ಬದಿಗೆ ಹೋಯಿತು.
"ಸರೀರಿ," ಅಂದೆ. ಸರಿದ.
ಮತ್ತೊಂದು ತಿರುವು. ಮತ್ತೆ ಈಚೆ.
ಐವತ್ತೆಂಟರ ಗಂಡಸು, ಮಡಿಲಲ್ಲಿ ಒಣಬಂಗುಡೆ ಪೊಟ್ಟಣ,
ಬೋಟಿನ ಭಾರ ಸರಿದೂಗಿಸುವ ಹಾಗೆ
ಹಿಂದಿನ ಸೀಟಿನುದ್ದಕ್ಕೂ ಆಚೆ, ಈಚೆ.

ಮೇಲೆ ಮಂಜು ಕವಿಯಿತು. ಬಾನೆಟ್ಟಿನಾಚೆ ಏನೂ ಇಲ್ಲ.
ಬೆವರಿದ್ದು ನನ್ನ ಕೈ.
ಅವನು ಗಾಜು ಇಳಿಸಿ ತಲೆ ಹೊರಗೆ ಹಾಕಿದ.
"ಈಗ ಸಮ ಆಯ್ತು. ಸಮುದ್ರದ ಹಾಗೇ ಉಂಟು.
ಹಾರ್ನ್ ಹೊಡಿ. ನಿಲ್ಸು. ಎದ್ರಿಗೆ ಒಂದು ಬರ್ತದೆ, ಸಣ್ಣದು."
ಬಂತು. ಹಾಲಿನ ವ್ಯಾನು.
ನನಗೆ ಅದರ ಸದ್ದೇ ಕೇಳಿಸಿರಲಿಲ್ಲ.

ಶಿರಸಿಯಲ್ಲಿ ಮಗಳು ಕೇಳಿದಳು, "ದಾರಿ ಹೆಂಗಿತ್ತು ಅಪ್ಪಾ?"
"ಚಂದ."
"ಏನೇನು ಕಂಡೆ?"
"ಏನೂ ಕಾಣ್ಲಿಲ್ಲ. ಅದ್ಕೇ ಚಂದ."

ಮರಳುವಾಗ ಅವನನ್ನು ನಾನು ಕರೆತರಲಿಲ್ಲ.
ವಾರ ಕಳೆದು ಸ್ಟ್ಯಾಂಡಿಗೆ ಬಂದು ಬೀಡಿ ಹಚ್ಚಿ ಹೇಳಿದ:
ಕುಮಟೆವರೆಗೂ ಅವಳ ಬಸ್ಸಿನಲ್ಲೇ ಇಳಿದನಂತೆ,
ಟಿಕೆಟಿನ ದುಡ್ಡು ಒಂದು ರೂಪಾಯಿ ಬಿಡದೆ ತಗೊಂಡಳಂತೆ.

"ಕಿಟಕಿ ಕಡೆ ನೋಡಿದ್ರಾ?"

"ಅವಳ ಕಾಲು ನೋಡ್ತಿದ್ದೆ.
ಯಾವ ತಿರುವಿಗೆ ಯಾವ ಕಾಲು ಊರ್ತಾಳೆ ಅಂತ.
ಯಾರೂ ಕಲ್ಸಿದ್ದಲ್ಲ ಮಾರಾಯ.
ಅವಳನ್ನು ಒಂದ್ ದಿನವೂ ಬೋಟು ಹತ್ತಿಸ್ಲಿಲ್ಲ ನಾನು."